ಹಣ್ಣಿನ ಪೈ ಎಣ್ಣೆಯಲ್ಲಿ ಬಾಯಿ ಬಿಡುವುದೇಕೆ?

ಓದುಗರ ಪ್ರಶ್ನೆ: ಅಮೆರಿಕದ ಮಗಳ ಮನೆಗೆ ಹೋದಾಗ ಅಂಗೈಯಗಲದ ಕರಿದ ಆಪಲ್ ಪೈ ತಿಂದಿದ್ದೆ. ಊರಿಗೆ ಬಂದ ಮೇಲೆ ಮನೆಯಲ್ಲೇ ಮಾಡೋಣ ಅಂತ ಕೂತೆ. ಸೇಬು ಹೆಚ್ಚಿ ಸಕ್ಕರೆ, ಚಕ್ಕೆ ಪುಡಿ ಕಲಸಿ, ಮೈದಾ ಹಾಳೆಯಲ್ಲಿ ತುಂಬಿ ಎಣ್ಣೆಗೆ ಬಿಟ್ಟರೆ ಒಂದೇ ನಿಮಿಷಕ್ಕೆ ಬಾಯಿ ಬಿಟ್ಟು ರಸವೆಲ್ಲ ಎಣ್ಣೆಗೆ ಬಂತು. ಎಣ್ಣೆ ಸಿಡಿದು ಒಲೆಯ ಹತ್ತಿರ ನಿಲ್ಲಲಾಗಲಿಲ್ಲ. ಮೂವತ್ತು ವರ್ಷದಿಂದ ಕರ್ಜಿಕಾಯಿ ಮಾಡುತ್ತಿದ್ದೇನೆ, ಹೀಗೆ ಆಗಿದ್ದಿಲ್ಲ. ಅಂಚು ಸರಿಯಾಗಿ ಒತ್ತಲಿಲ್ಲವೇ, ಹಿಟ್ಟು ತೆಳುವಾಯಿತೇ?

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ. ಮೂವತ್ತು ವರ್ಷ ಕರ್ಜಿಕಾಯಿಯ ಅಂಚು ಒತ್ತಿದ ಬೆರಳಿಗೆ ಪೈ ಅಂಚು ಹೊಸದೇನಲ್ಲ. ಒಡೆಸಿದ್ದು ಹೂರಣದಲ್ಲಿದ್ದ ನೀರು. ನಿಮ್ಮ ಪ್ರಶ್ನೆಯಲ್ಲೇ ಉತ್ತರವೂ ಇದೆ ನೋಡಿ: ಕರ್ಜಿಕಾಯಿ ಯಾಕೆ ಒಡೆಯುವುದಿಲ್ಲ? ಅದರೊಳಗಿರುವುದು ಒಣಕೊಬ್ಬರಿ, ಹುರಿಗಡಲೆ, ಎಳ್ಳು, ಗಸಗಸೆ, ಸಕ್ಕರೆ ಪುಡಿ. ಎಲ್ಲವೂ ಒಣ ಸಾಮಾನು. ಹಸಿ ಸೇಬಿನಲ್ಲಾದರೋ ತೂಕದ ನೂರಕ್ಕೆ ಸುಮಾರು 85 ಭಾಗ ನೀರೇ. ಅದಕ್ಕೆ ಸಕ್ಕರೆ ಬೆರೆಸಿದ ಕೂಡಲೇ ಸಕ್ಕರೆ ಆ ನೀರನ್ನು ಹೊರಗೆಳೆಯತೊಡಗುತ್ತದೆ. ನೀವು ಹಾಳೆ ಲಟ್ಟಿಸಿ ಮುಗಿಸುವಷ್ಟರಲ್ಲಿ ಬಟ್ಟಲಿನ ತಳದಲ್ಲಿ ರಸ ನಿಂತಿರುತ್ತದೆ.

ಆ ರಸ 175 ಡಿಗ್ರಿ ಸೆಲ್ಸಿಯಸ್ ಎಣ್ಣೆಯ ನಡುವೆ ಏನು ಮಾಡುತ್ತದೆ ಅಂತ ಯೋಚಿಸಿ. ನೀರು ಆವಿಯಾದಾಗ ಸುಮಾರು 1600 ಪಟ್ಟು ಹಿಗ್ಗುತ್ತದೆ. ಅಂದರೆ ಒಂದು ಟೀ ಚಮಚ, 5 ಮಿಲಿಲೀಟರ್ ನೀರು ಪೂರ್ತಿ ಆವಿಯಾದರೆ ಅದಕ್ಕೆ 8 ಲೀಟರಿನಷ್ಟು ಜಾಗ ಬೇಕು. ಪೈ ಒಳಗಿನ ನೀರೆಲ್ಲ ಮೂರು ನಾಲ್ಕು ನಿಮಿಷದಲ್ಲಿ ಆವಿಯಾಗುವುದಿಲ್ಲ ನಿಜ. ಆದರೆ ಹಾಳೆಗೆ ತಾಗಿಕೊಂಡಿರುವ ತೆಳು ರಸ ಖಂಡಿತ ಆಗುತ್ತದೆ. ಎಷ್ಟೇ ಗಟ್ಟಿಯಾಗಿ ಒತ್ತಿದರೂ ಮೈದಾದ ಅಂಚು ಆ ಒತ್ತಡ ತಾಳುವುದಿಲ್ಲ. ಬಾಯಿ ತೆರೆದ ಮೇಲೆ ರಸ ಎಣ್ಣೆಗೆ ಬಿದ್ದು ಸಿಡಿಯುತ್ತದೆ, ಅದರಲ್ಲಿನ ಸಕ್ಕರೆ ತಳದಲ್ಲಿ ಕರಗಿ ಕಪ್ಪಾಗುತ್ತದೆ, ಮುಂದಿನ ಪೈಗಳಿಗೆಲ್ಲ ಆ ಕಹಿ ಹತ್ತುತ್ತದೆ.

ಇದಕ್ಕೆ ಪರಿಹಾರವನ್ನು ಈ ತಿಂಡಿಯ ತವರಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಕರಿದ ಹಣ್ಣಿನ ಪೈ ಅಮೆರಿಕದ ದಕ್ಷಿಣ ರಾಜ್ಯಗಳ, ಅದರಲ್ಲೂ ಟೆನೆಸ್ಸಿ, ಕೆಂಟಕಿ, ಉತ್ತರ ಕ್ಯಾರೊಲಿನಾಗಳಿಗೆ ಹಬ್ಬಿದ ಅಪಲಾಚಿಯನ್ ಬೆಟ್ಟಸಾಲಿನ ಮನೆ ತಿಂಡಿ. ಅರ್ಧಚಂದ್ರದ ಆಕಾರಕ್ಕಾಗಿ ಹಾಫ್ ಮೂನ್ ಪೈ ಅಂತಲೂ ಕರೆಯುತ್ತಾರೆ. ಅಲ್ಲಿ ಶರತ್ಕಾಲದಲ್ಲಿ ಸೇಬು ಒಮ್ಮೆಗೇ ಹಣ್ಣಾಗಿ ಬೀಳುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಅದನ್ನು ತೆಳುವಾಗಿ ಹೆಚ್ಚಿ, ತಗಡಿನ ಮಾಡಿನ ಮೇಲೆ ಬಟ್ಟೆ ಹಾಸಿ ಒಣಗಿಸುತ್ತಿದ್ದರು. ದಾರಕ್ಕೆ ಪೋಣಿಸಿ ಒಲೆಯ ಮೇಲ್ಗಡೆ ತೂಗುಹಾಕುವುದೂ ಇತ್ತು. ಪೀಚ್ ಹಣ್ಣಿಗೂ ಇದೇ ಸಂಸ್ಕಾರ. ಚಳಿಗಾಲದಲ್ಲಿ ಆ ಒಣಹಣ್ಣನ್ನು ನೀರಲ್ಲಿ ಬೇಯಿಸಿ, ಮಸೆದು, ಸಿಹಿ ಮಾಡಿ, ಅಲ್ಲಿಯವರು ಬಿಸ್ಕಿಟ್ ಅನ್ನುವ ಮೆತ್ತನೆಯ ಬನ್ನಿನ ಹಿಟ್ಟಿನಂಥದರಲ್ಲಿ ತುಂಬಿ, ಬೀಡು ಕಬ್ಬಿಣದ ಬಾಣಲೆಯಲ್ಲಿ ಹಂದಿ ಕೊಬ್ಬು ಕಾಯಿಸಿ ಕರಿಯುತ್ತಿದ್ದರು. ಹೊಲಕ್ಕೆ, ಗಣಿಗೆ ಹೋಗುವವರ ಬುತ್ತಿಗೆ ಅದು ಹೇಳಿ ಮಾಡಿಸಿದ್ದು. ತಟ್ಟೆ ಬೇಡ, ಚಮಚ ಬೇಡ.

ಒಣಹಣ್ಣನ್ನೂ ನೀರಲ್ಲೇ ಬೇಯಿಸುತ್ತಾರಲ್ಲ, ಮತ್ತೆ ನೀರು ಬಂತಲ್ಲ ಅಂತ ನಿಮಗನ್ನಿಸಬಹುದು. ವ್ಯತ್ಯಾಸ ಇಲ್ಲಿದೆ. ಒಣ ಸೇಬು ಹಾಕಿದ ನೀರನ್ನು ಹೀರಿಕೊಂಡು ಉಬ್ಬುತ್ತದೆ, ಮಸೆದರೆ ಮುದ್ದೆಯಾಗುತ್ತದೆ, ತನ್ನಿಂದ ರಸ ಬಿಟ್ಟುಕೊಡುವುದಿಲ್ಲ. ಎಷ್ಟು ನೀರು ಬೇಕೋ ಅಷ್ಟು ಹಾಕುವ ಹಿಡಿತ ನಮ್ಮ ಕೈಯಲ್ಲಿರುತ್ತದೆ. ಸೇಬಿನಲ್ಲಿ ಸಹಜವಾಗಿರುವ, ಜಾಮನ್ನು ಗಟ್ಟಿ ಮಾಡುವ ಪೆಕ್ಟಿನ್ ಎಂಬ ಅಂಶ ಅದನ್ನು ಇನ್ನಷ್ಟು ಹಿಡಿದಿಡುತ್ತದೆ. ರುಚಿಯೂ ಬೇರೆ. ಒಣಗುವಾಗ ಸೇಬಿನ ಹುಳಿ ಸಿಹಿ ಎರಡೂ ಸಾಂದ್ರವಾಗಿ, ಬೆಲ್ಲದ ಹತ್ತಿರ ಬರುವ ಒಂದು ಪರಿಮಳ ಬಂದಿರುತ್ತದೆ. ಹಸಿ ಸೇಬಿನ ಪೈ ಎಷ್ಟೇ ಚೆನ್ನಾಗಿ ಬಂದರೂ ಆ ಆಳ ಬರುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಮನೆ ತಿಂಡಿಯನ್ನು ಜಗತ್ತಿಗೆ ಪರಿಚಯಿಸಿದ್ದು ಮೆಕ್‌ಡೊನಾಲ್ಡ್ಸ್. ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಅವರ ಅಂಗಡಿ ನಡೆಸುತ್ತಿದ್ದ ಲಿಟನ್ ಕಾಕ್ರನ್ ರೂಪಿಸಿದ ಕರಿದ ಆಪಲ್ ಪೈ 1968ರಲ್ಲಿ ಆ ಸಂಸ್ಥೆಯ ಪಟ್ಟಿ ಸೇರಿತು. 1992ರಲ್ಲಿ ಅಮೆರಿಕದ ಬಹುತೇಕ ಅಂಗಡಿಗಳಲ್ಲಿ ಅದರ ಬದಲು ಓವನ್‌ನಲ್ಲಿ ಬೇಯಿಸಿದ ಪೈ ಬಂತು. ಕರಿದದ್ದೇ ಬೇಕು ಅಂತ ಹಂಬಲಿಸುವವರು ಅಲ್ಲಿ ಇಂದಿಗೂ ಇದ್ದಾರೆ. ನ್ಯೂ ಆರ್ಲಿಯನ್ಸ್‌ನ ಹ್ಯೂಬಿಗ್ಸ್ ಕಾರ್ಖಾನೆ 2012ರಲ್ಲಿ ಬೆಂಕಿಗೆ ಆಹುತಿಯಾಗಿ, ಹತ್ತು ವರ್ಷದ ನಂತರ 2022ರಲ್ಲಿ ಮತ್ತೆ ಪೈ ಕರಿಯತೊಡಗಿದಾಗ ಆ ಊರಿನವರಿಗೆ ಕಳೆದುಹೋದ ನೆಂಟರು ಮನೆಗೆ ಬಂದಷ್ಟು ಸಂತೋಷವಾಗಿತ್ತು.

ಇನ್ನು ನಿಮ್ಮ ಅಡುಗೆಮನೆಗೆ ಬರೋಣ. ಕರ್ಜಿಕಾಯಿಯನ್ನು ಪಕ್ಕಕ್ಕಿಟ್ಟು ಕರಿಗಡುಬನ್ನು ನೆನಪಿಸಿಕೊಳ್ಳಿ. ಗೌರಿ ಹಬ್ಬಕ್ಕೆ ಕಡಲೆಬೇಳೆ ಬೆಲ್ಲದ ಹೂರಣ ಮಾಡುವಾಗ ಎಲ್ಲಿಯವರೆಗೆ ಕಲಕುತ್ತೀರಿ? ಪಾತ್ರೆಯ ತಳ ಬಿಟ್ಟು ಮುದ್ದೆಯಾಗುವವರೆಗೆ. ಹೂರಣ ಸ್ವಲ್ಪ ಸಡಿಲಾದರೂ ಕಡುಬು ಎಣ್ಣೆಯಲ್ಲಿ ಒಡೆಯುತ್ತದೆ ಅಂತ ನಿಮಗೆ ಗೊತ್ತು. ಸೇಬಿಗೂ ಅದೇ ನಿಯಮ. ಹಣ್ಣು ಅಂದ ಕೂಡಲೇ ನಾವು ಅದನ್ನು ಹೂರಣ ಅಂತ ಭಾವಿಸುವುದಿಲ್ಲ, ಹಾಗಾಗಿ ಹಸಿಯಾಗಿ ತುಂಬಿಬಿಡುತ್ತೇವೆ.

ಹತ್ತು ಪೈಗಳಿಗೆ 125 ಗ್ರಾಂ ಒಣ ಸೇಬು ಸಾಕು. ಸಕ್ಕರೆ ಪಾಕದಲ್ಲಿ ಅದ್ದಿದ್ದು ಬೇಡ, ಬರೀ ಒಣಗಿಸಿದ್ದು ಬೇಕು. 400 ಮಿಲಿಲೀಟರ್ ನೀರಲ್ಲಿ ಒಂದು ಗಂಟೆ ನೆನೆಸಿ, ಅದೇ ನೀರಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಮೆತ್ತಗಾದ ಮೇಲೆ ಸೌಟಿನಿಂದ ಒರಟಾಗಿ ಮಸೆಯಿರಿ. ಆಮೇಲೆ 60 ಗ್ರಾಂ ಸಕ್ಕರೆ, ಅರ್ಧ ಚಮಚ ಚಕ್ಕೆ ಪುಡಿ, ಚಿಟಿಕೆ ಜಾಯಿಕಾಯಿ, ಚಿಟಿಕೆ ಉಪ್ಪು, ಒಂದು ಚಮಚ ನಿಂಬೆರಸ ಹಾಕಿ ಮತ್ತೆ ಕಲಕಿ. ಸಕ್ಕರೆ ಬಿದ್ದಾಗ ಇನ್ನೊಮ್ಮೆ ನೀರಾಗುತ್ತದೆ, ಗಾಬರಿ ಬೇಡ, ಅದು ಇಂಗುವವರೆಗೆ ಬಿಡಿ. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಮುಚ್ಚಿಕೊಳ್ಳದೆ ನಿಲ್ಲಬೇಕು. ಇನ್ನೂ ಅನುಮಾನವಿದ್ದರೆ ತಣ್ಣನೆಯ ಸ್ಟೀಲ್ ತಟ್ಟೆಯಲ್ಲಿ ಒಂದು ಚಮಚ ಹಾಕಿ ಎರಡು ನಿಮಿಷ ಬಿಟ್ಟು ವಾಲಿಸಿ. ಸುತ್ತ ನೀರಿನ ಉಂಗುರ ಕಂಡರೆ ಒಲೆಗೆ ವಾಪಸ್ಸು.

ಒಣ ಸೇಬು ಸಿಗದಿದ್ದರೆ ಹಸಿಯದರಲ್ಲೂ ಆಗುತ್ತದೆ, ತಾಳ್ಮೆ ಬೇಕು. ಅರ್ಧ ಕಿಲೋ ಸೇಬಿನ ಸಿಪ್ಪೆ ತೆಗೆದು ಚಿಕ್ಕದಾಗಿ ಹೆಚ್ಚಿ, ಸಕ್ಕರೆಯ ಜೊತೆ ಮುಚ್ಚಳವಿಲ್ಲದ ಅಗಲ ಬಾಣಲೆಯಲ್ಲಿ ಜಾಮಿನ ಹದಕ್ಕೆ ಇಂಗಿಸಿ. ಕೊನೆಯಲ್ಲಿ ಎರಡು ಚಮಚ ಕಾರ್ನ್‌ಫ್ಲೋರ್ ನೀರಲ್ಲಿ ಕದಡಿ ಸೇರಿಸಿ ಒಂದು ನಿಮಿಷ ಕುದಿಸಲೇಬೇಕು. ಕುದಿಯದ ಕಾರ್ನ್‌ಫ್ಲೋರ್ ನೀರನ್ನು ಹಿಡಿಯುವುದಿಲ್ಲ, ಬಾಯಿಗೆ ಹಿಟ್ಟು ಹಿಟ್ಟಾಗಿ ಸಿಗುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಕೆಂಪು ಡೆಲಿಷಿಯಸ್ ಸೇಬಿಗೆ ಹುಳಿ ಕಡಿಮೆ. ಅದಕ್ಕೆ ನಿಂಬೆರಸ ಒಂದು ಚಮಚ ಜಾಸ್ತಿ ಹಾಕಿ. ಹಸಿರು ಬಣ್ಣದ ಗ್ರಾನಿ ಸ್ಮಿತ್ ಸಿಕ್ಕರೆ ಅದೇ ಒಳ್ಳೆಯದು.

ಹೂರಣ ಪೂರ್ತಿ ತಣ್ಣಗಾದ ಮೇಲೆಯೇ ಹಾಳೆಗೆ ಹೋಗಬೇಕು. ಬೆಚ್ಚಗಿರುವಾಗಲೇ ತುಂಬಿದರೆ ಹಾಳೆಯ ಒಳಮೈ ಬೆವರಿ ಮೆತ್ತಗಾಗುತ್ತದೆ. ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಡುವುದು ನನ್ನ ರೂಢಿ.

ಹಿಟ್ಟಿನ ವಿಚಾರ ಚಿಕ್ಕದು. 300 ಗ್ರಾಂ ಮೈದಾ, ಮುಕ್ಕಾಲು ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, ಗಟ್ಟಿಯಾಗಿರುವ ತಣ್ಣನೆಯ ತುಪ್ಪ ಅಥವಾ ಬೆಣ್ಣೆ 80 ಗ್ರಾಂ. ಬೆರಳ ತುದಿಯಲ್ಲಿ ಉಜ್ಜಿ ರವೆಯಂತಾದಾಗ ತಣ್ಣನೆಯ ಮಜ್ಜಿಗೆ ಸುಮಾರು 110 ಮಿಲಿಲೀಟರ್ ಹಾಕಿ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ನಾದಿದಷ್ಟೂ ಹಾಳೆ ಹಿಂದಕ್ಕೆ ಎಳೆಯುತ್ತದೆ, ಬೆಂದ ಮೇಲೆ ರಬ್ಬರಿನ ಹಾಗಾಗುತ್ತದೆ. ಓವನ್ ಪೈಗೆ ಹೇಳುವ ಅಳತೆ ನೋಡಿ ಬೆಣ್ಣೆ ಜಾಸ್ತಿ ಮಾಡುವುದೂ ಬೇಡ. ಕರ್ಜಿಕಾಯಿಗೆ ಕಾದ ತುಪ್ಪ ಹೆಚ್ಚಾದರೆ ಅದು ಎಣ್ಣೆಯಲ್ಲೇ ಬಿರಿದು ಉದುರುತ್ತದಲ್ಲ, ಇದೂ ಹಾಗೆಯೇ. ಕಲಸಿದ ಹಿಟ್ಟು ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿರಲಿ.

13 ಸೆಂಟಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಹಾಳೆ ಲಟ್ಟಿಸಿ. ಕರ್ಜಿಕಾಯಿಗಿಂತ ಇದು ದಪ್ಪ. ಒಂದೂವರೆ ದೊಡ್ಡ ಚಮಚದಷ್ಟೇ ಹೂರಣ, ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗೆ. ಅಂಚಿಗೆ ಹೂರಣದ ಒಂದು ತೊಟ್ಟು ತಾಗಿದರೂ ಅಲ್ಲಿ ಅಂಟುವುದಿಲ್ಲ. ಒಣ ಹಿಟ್ಟು ಉಳಿದಿದ್ದರೂ ಅಂಟುವುದಿಲ್ಲ, ಅದನ್ನು ಒರೆಸಿಬಿಡಿ. ಬೆರಳಿನಿಂದ ತೆಳುವಾಗಿ ನೀರು ಸವರಿ ಮಡಚಿ. ಒತ್ತುವ ಮೊದಲು ಹೂರಣದ ಸುತ್ತ ಅಂಗೈಯಿಂದ ಮೆಲ್ಲಗೆ ತಟ್ಟಿ ಒಳಗಿನ ಗಾಳಿ ಹೊರಗೆ ಕಳಿಸಿ, ಯಾಕೆಂದರೆ ಸಿಕ್ಕಿಕೊಂಡ ಗಾಳಿಯೂ ಬಿಸಿಗೆ ಹಿಗ್ಗಿ ಅಂಚನ್ನು ತಳ್ಳುತ್ತದೆ. ಅಮೆರಿಕದಲ್ಲಿ ಫೋರ್ಕಿನ ಹಲ್ಲಿನಿಂದ ಒತ್ತುತ್ತಾರೆ. ನಿಮಗೆ ಅಂಚನ್ನು ಜಡೆಯಂತೆ ಮಡಚಲು ಬರುತ್ತಿದ್ದರೆ ಹಾಗೇ ಮಾಡಿ, ಅದು ಫೋರ್ಕಿಗಿಂತ ಭದ್ರ. ಮೇಲೆ ತೂತು ಚುಚ್ಚುವ ರೂಢಿ ಅಲ್ಲಿದೆ. ಕಡಿಮೆ ಕೊಬ್ಬಿನಲ್ಲಿ ಒಂದೊಂದು ಮಗ್ಗುಲು ಕರಿಯುವವರಿಗೆ ಅದರಿಂದ ಆವಿ ಹೋಗಲು ದಾರಿಯಾಗುತ್ತದೆ. ಪೈ ಪೂರ್ತಿ ಮುಳುಗುವಷ್ಟು ಎಣ್ಣೆಯಿದ್ದರೆ ಆ ತೂತಿನಿಂದಲೇ ಎಣ್ಣೆ ಒಳಗಿಳಿಯುತ್ತದೆ, ಹಾಗಾಗಿ ಬಾಣಲೆ ತುಂಬ ಎಣ್ಣೆ ಇಟ್ಟಾಗ ನಾನು ಚುಚ್ಚುವುದಿಲ್ಲ.

ತುಂಬಿದ ಪೈಗಳನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಅಂಚು ಬಿಗಿಯಾಗುತ್ತದೆ. ಎಣ್ಣೆ 175ರಿಂದ 180 ಡಿಗ್ರಿಯಲ್ಲಿರಬೇಕು. ಥರ್ಮಾಮೀಟರ್ ಇಲ್ಲದವರು ಕಡಲೆಕಾಳಿನಷ್ಟು ಹಿಟ್ಟು ಹಾಕಿ ನೋಡಿ: ಒಂದು ಕ್ಷಣ ತಳಕ್ಕಿಳಿದು, ಗುಳ್ಳೆ ಬಿಡುತ್ತ ಮೇಲೆ ಬಂದು, ಬಣ್ಣ ತಕ್ಷಣ ತಿರುಗದಿದ್ದರೆ ಹದ. ಕರ್ಜಿಕಾಯಿಯನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕರಿದು ಗರಿಗರಿ ಮಾಡುತ್ತೇವೆ. ಪೈಗೆ ಅದು ಸಲ್ಲ. ಹೆಚ್ಚು ಹೊತ್ತು ಎಣ್ಣೆಯಲ್ಲಿದ್ದಷ್ಟೂ ಒಳಗಿನ ಹಣ್ಣು ಕುದಿಯುತ್ತದೆ, ಆವಿ ಹೆಚ್ಚುತ್ತದೆ. ಹೂರಣ ಮೊದಲೇ ಬೆಂದಿದೆ. ಬೇಯಬೇಕಾದದ್ದು ಹಾಳೆ ಮಾತ್ರ. ಒಂದೊಂದು ಮಗ್ಗುಲಿಗೆ ಎರಡು ನಿಮಿಷ ಸಾಕು. ಒಮ್ಮೆಗೆ ಎರಡು ಮೂರಕ್ಕಿಂತ ಹೆಚ್ಚು ಬಿಡಬೇಡಿ, ಎಣ್ಣೆ ತಣ್ಣಗಾಗಿ ಹಾಳೆ ಕುಡಿಯತೊಡಗುತ್ತದೆ. ತೆಗೆದ ಪೈಗಳನ್ನು ಜಾಲರಿಯ ಮೇಲಿಡಿ, ಹತ್ತು ನಿಮಿಷ ಮಕ್ಕಳ ಕೈಗೆ ಕೊಡಬೇಡಿ. ಹೊರಗೆ ಆರಿದಂತೆ ಕಂಡರೂ ಒಳಗಿನ ಸಕ್ಕರೆ ಹೂರಣ ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ.

ಮಾವು, ಹಲಸು ಹಾಕಬಹುದೇ ಅಂತ ಕೇಳುವವರೂ ಬಹಳ. ಮಾವಿನಲ್ಲೂ ನೂರಕ್ಕೆ 80ಕ್ಕಿಂತ ಹೆಚ್ಚು ನೀರು, ಪೆಕ್ಟಿನ್ ಸೇಬಿನಷ್ಟಿಲ್ಲ. ತಿರುಳನ್ನು ಅರ್ಧಕ್ಕೂ ಕಡಿಮೆಯಾಗುವವರೆಗೆ ಇಂಗಿಸಬೇಕು. ಕರಾವಳಿಯ ಮನೆಗಳಲ್ಲಿ ಮಾಂಬಳ, ಅಂದರೆ ಮಾವಿನ ರಸದ ಹಾಳೆ, ಒಣಗಿಸಿಟ್ಟಿದ್ದರೆ ಅದನ್ನು ಚೂರು ಮಾಡಿ ಸ್ವಲ್ಪ ನೀರಲ್ಲಿ ಮೆತ್ತಗೆ ಬೇಯಿಸಿ, ಒಣ ಸೇಬಿನ ಕೆಲಸವನ್ನೇ ಅದು ಮಾಡುತ್ತದೆ. ಹಲಸಿನ ಹಣ್ಣನ್ನು ಕಾಯಿಸಿ ಕಾಯಿಸಿ ಗಟ್ಟಿ ಮಾಡಿ ಪಾಯಸಕ್ಕೆಂದು ಎತ್ತಿಡುವ ಬೆರಟಿ ಇದೆಯಲ್ಲ, ಅದಂತೂ ಡಬ್ಬಿಯಿಂದ ತೆಗೆದು ನೇರವಾಗಿ ತುಂಬುವಂಥದ್ದು. ಮಳೆಗಾಲಕ್ಕೆ ಹಲಸನ್ನು ಕಾಪಿಟ್ಟವರೂ ಹಿಮಗಾಲಕ್ಕೆ ಸೇಬನ್ನು ಕಾಪಿಟ್ಟವರೂ ಹಣ್ಣಿನ ನೀರಿನ ಬಗ್ಗೆ ಒಂದೇ ಪಾಠ ಕಲಿತಿದ್ದರು. ಅನಾನಸ್ ಮಾತ್ರ ಮೊದಲ ಸಲಕ್ಕೆ ಬೇಡ, ಅದರ ರಸ ಮುಗಿಯುವುದೇ ಇಲ್ಲ.

ಮುಂದಿನ ಸಲ ಹತ್ತನ್ನೂ ತುಂಬಿಡುವ ಮೊದಲು ಒಂದೇ ಒಂದನ್ನು ಮಾಡಿ ಕರಿದು ನೋಡಿ. ಅದು ಸೋರಿದರೆ ಉಳಿದ ಹೂರಣ ಇನ್ನೂ ಬಟ್ಟಲಲ್ಲೇ ಇರುತ್ತದೆ, ಐದಾರು ನಿಮಿಷ ಮತ್ತೆ ಇಂಗಿಸಿ ಆರಿಸಿದರಾಯಿತು. ಎಲ್ಲವನ್ನೂ ತುಂಬಿ ಆಗಿಬಿಟ್ಟಿದ್ದರೆ ಎಣ್ಣೆಯ ಆಸೆ ಬಿಟ್ಟು, ಮೇಲೆ ಎರಡು ಗೀರು ಹಾಕಿ, ಹಾಲು ಸವರಿ, 200 ಡಿಗ್ರಿ ಓವನ್‌ನಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ. ಅಲ್ಲಿ ಸ್ವಲ್ಪ ರಸ ಸೋರಿದರೂ ತಟ್ಟೆಗೆ ಅಂಟೀತು, ಯಾರ ಕೈಯನ್ನೂ ಸುಡುವುದಿಲ್ಲ.