ಫುಲರೀನ್: ತಪ್ಪು ಚೆಂಡಿನದೋ, ಜೊತೆಗಿದ್ದದ್ದರದೋ?

60 ಇಂಗಾಲದ ಪರಮಾಣುಗಳು ಸೇರಿ ಫುಟ್‌ಬಾಲಿನಂತೆ ಮುಚ್ಚಿಕೊಂಡ ಅಣುವೇ ಸಿ60. ಅಡ್ಡಳತೆ ಸುಮಾರು 0.7 ನ್ಯಾನೋಮೀಟರ್. ಇಂಥ ಟೊಳ್ಳು ಅಣುಗಳಿಗೆಲ್ಲ ಫುಲರೀನ್ ಎಂದು ಹೆಸರು. ಇದು ವಿಷ ಅಂತಲೂ ಸುದ್ದಿಯಾಗಿದೆ, ಆಯುಸ್ಸು ಹೆಚ್ಚಿಸುತ್ತದೆ ಅಂತಲೂ ಸುದ್ದಿಯಾಗಿದೆ. ಎರಡರ ಹಿಂದೆಯೂ ಪ್ರಯೋಗಗಳಿದ್ದವು.

ಹೀಗೊಂದು ಅಣು ಇರಬಹುದು ಎಂದು ಜಪಾನಿನ ಈಜಿ ಒಸಾವಾ 1970ರಲ್ಲೇ ಬರೆದಿದ್ದರು. ಜಪಾನೀ ಭಾಷೆಯಲ್ಲಿದ್ದ ಆ ಬರಹ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. 1985ರಲ್ಲಿ ಇಂಗ್ಲೆಂಡಿನ ಹ್ಯಾರಿ ಕ್ರೋಟೊ ಅಮೆರಿಕದ ರೈಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅವರು ಹುಡುಕುತ್ತಿದ್ದದ್ದೇ ಬೇರೆ: ನಕ್ಷತ್ರಗಳ ಸುತ್ತ ಹುಟ್ಟುವ ಇಂಗಾಲದ ಸರಪಳಿಗಳು. ರಿಚರ್ಡ್ ಸ್ಮಾಲಿ, ರಾಬರ್ಟ್ ಕರ್ಲ್ ಮತ್ತು ವಿದ್ಯಾರ್ಥಿಗಳ ಜೊತೆ ಗ್ರಾಫೈಟಿಗೆ ಲೇಸರ್ ಹಾಯಿಸಿದಾಗ 60 ಪರಮಾಣುಗಳ ಗುಂಪು ಎದ್ದು ಕಾಣಿಸಿತು. ಕ್ರೋಟೊ, ಸ್ಮಾಲಿ, ಕರ್ಲ್ ಮೂವರಿಗೂ 1996ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಆದರೆ ಪ್ರಯೋಗಕ್ಕೆ ಸಾಕಾಗುವಷ್ಟು ಸಿ60 ಆಗ ಯಾರ ಬಳಿಯೂ ಇರಲಿಲ್ಲ. 1990ರಲ್ಲಿ ಕ್ರ್ಯಾಚ್‌ಮರ್ ಮತ್ತು ಹಫ್‌ಮನ್ ತಂಡ ಹೀಲಿಯಂ ಅನಿಲದಲ್ಲಿ ಗ್ರಾಫೈಟನ್ನು ವಿದ್ಯುತ್ತಿನಿಂದ ಆವಿ ಮಾಡಿತು. ಸಿಕ್ಕ ಮಸಿಯಿಂದ ಬೆಂಜೀನ್ ಬಳಸಿ ಸಿ60 ಬೇರ್ಪಡಿಸಿತು. ನನ್ನ ಮಟ್ಟಿಗೆ ನೊಬೆಲ್‌ಗಿಂತ ದೊಡ್ಡ ತಿರುವು ಇದು. ಮರುವರ್ಷವೇ ಪೊಟ್ಯಾಸಿಯಂ ಸೇರಿಸಿದ ಸಿ60, 18 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 255 ಡಿಗ್ರಿ ಸೆಲ್ಸಿಯಸ್) ಸೂಪರ್‌ಕಂಡಕ್ಟರ್, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು, ಆಯಿತು. 1993ರಲ್ಲಿ ಎಚ್‌ಐವಿಯ ಒಂದು ಕಿಣ್ವವನ್ನು ಇದು ತಡೆಯಬಲ್ಲದು ಎಂಬ ವರದಿ ಬಂತು. ಮದ್ದು ಮಾತ್ರ ಬರಲಿಲ್ಲ. ಜಾಸ್ತಿ ಕೆಲಸಕ್ಕೆ ಬಂದದ್ದು ಪ್ಲಾಸ್ಟಿಕ್ ಸೌರಕೋಶಗಳಲ್ಲಿ. ಅಲ್ಲಿ ಎಲೆಕ್ಟ್ರಾನ್ ಹಿಡಿದು ಸಾಗಿಸುವ ಕೆಲಸ ಸುಮಾರು ಎರಡು ದಶಕ ಫುಲರೀನಿನದೇ ಆಗಿತ್ತು. ಈಗ ಅಲ್ಲೂ ಬೇರೆ ಅಣುಗಳು ಮುಂದಿವೆ.

ಭಯ ಶುರುವಾದದ್ದು 2004ರಲ್ಲಿ. ಸಿ60 ಬೆರೆತ ನೀರಿನಲ್ಲಿಟ್ಟ ಬಾಸ್ ಮೀನುಗಳ ಮಿದುಳಿನ ಕೊಬ್ಬಿಗೆ ಹಾನಿಯಾಗಿದೆ ಎಂದು ವಿಜ್ಞಾನಿ ಇವಾ ಓಬರ್‌ಡಾರ್ಸ್ಟರ್ ವರದಿ ಮಾಡಿದರು. ಆದರೆ ಸಿ60 ನೀರಿನಲ್ಲಿ ಕರಗುವುದೇ ಇಲ್ಲ. ಅದನ್ನು ನೀರಿಗೆ ಬೆರೆಸಲು ಮೊದಲು ಟೆಟ್ರಾಹೈಡ್ರೋಫ್ಯೂರಾನ್ ಎಂಬ ದ್ರಾವಕದಲ್ಲಿ ಕರಗಿಸಿದ್ದರು. 2007ರಲ್ಲಿ ಜೀಬ್ರಾಮೀನಿನ ಮರಿಗಳ ಮೇಲೆ ನಡೆದ ಪ್ರಯೋಗದಲ್ಲಿ, ತೊಂದರೆ ಕೊಟ್ಟದ್ದು ಆ ದ್ರಾವಕ ಕೆಟ್ಟು ಹುಟ್ಟಿದ ವಸ್ತುಗಳು ಎಂದು ತಿಳಿಯಿತು. ಹಾಗಂತ ಫುಲರೀನ್ ನಿರಪರಾಧಿ ಎಂದಲ್ಲ. ಕತ್ತಲಲ್ಲಿ ಅದು ಜೀವಕೋಶಗಳನ್ನು ಕೆಡಿಸುವ ಫ್ರೀ ರ್‍ಯಾಡಿಕಲ್‌ಗಳನ್ನು ಹಿಡಿದುಹಾಕುತ್ತದೆ. ಬೆಳಕು ಬಿದ್ದರೆ ಆಮ್ಲಜನಕವನ್ನು ಕೆರಳಿಸಿ ಜೀವಕೋಶಕ್ಕೆ ಹಾನಿ ಮಾಡಬಲ್ಲದು. ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಇದೇ ಗುಣ ಬಳಸಬಹುದೇ ಎಂಬ ಸಂಶೋಧನೆಯೂ ಇದೆ.

ನಂತರ ಗಾಳಿ ತಿರುಗಿತು. ಆಲಿವ್ ಎಣ್ಣೆಯಲ್ಲಿ ಸಿ60 ಕುಡಿಸಿದ ಇಲಿಗಳು ಸುಮಾರು ಎರಡು ಪಟ್ಟು ಬದುಕಿದವು ಎಂದು 2012ರಲ್ಲಿ ಒಂದು ಪ್ರಬಂಧ ಬಂತು. ಗುಂಪಿಗೆ ಬೆರಳೆಣಿಕೆಯಷ್ಟೇ ಇಲಿಗಳು! ಅಷ್ಟಕ್ಕೇ ಈ ಎಣ್ಣೆ ಆನ್‌ಲೈನ್‌ನಲ್ಲಿ ಮಾರಾಟವಾಗತೊಡಗಿತು. ಕೆಲವು ವರ್ಷಗಳ ಬಳಿಕ ಬೇರೊಂದು ತಂಡ ಸುಂಡಿಲಿಗಳಲ್ಲಿ ಪರೀಕ್ಷಿಸಿದಾಗ ಆಯುಸ್ಸು ಹೆಚ್ಚಲಿಲ್ಲ. ಬೆಳಕಿಗೆ ಒಡ್ಡಿಕೊಂಡಾಗ ಆ ಎಣ್ಣೆ ವಿಷಕಾರಿಯಾಗುತ್ತದೆ ಎಂದೂ ಕಂಡುಬಂತು.

ಮುಖದ ಕ್ರೀಮುಗಳಲ್ಲೂ ಫುಲರೀನ್ ಬಂದಿದೆ. ಹಚ್ಚಿಕೊಂಡು ಬಿಸಿಲಿಗೇ ಹೋಗುತ್ತಾರೆ, ಅಲ್ವಾ? ಈಗಿರುವ ಮಾಹಿತಿ ಇಟ್ಟುಕೊಂಡು ಇದನ್ನು ಸುರಕ್ಷಿತ ಎನ್ನಲಾಗದು ಎಂದು ಗ್ರಾಹಕ ಸುರಕ್ಷತೆ ನೋಡಿಕೊಳ್ಳುವ ಯುರೋಪಿನ ವೈಜ್ಞಾನಿಕ ಸಮಿತಿ 2023ರಲ್ಲಿ ಅಭಿಪ್ರಾಯ ಕೊಟ್ಟಿದೆ.