ಹಳಿ ಕಿತ್ತರೂ ಅದು ರೈಲು ದಾರಿಯೇ

ಬೆಟ್ಟದ ಹಳೇ ರೈಲು ದಾರಿ ನಡೆಯೋದಕ್ಕೆ, ಸೈಕಲ್ ತುಳಿಯೋದಕ್ಕೆ ಅಷ್ಟೊಂದು ಹಿತ ಯಾಕೆ? ಹಳಿ ಹಾಕಿಸುವ ಇಂಜಿನಿಯರ್ ಆಗಿ ನನ್ನ ಉತ್ತರ ಸುಲಭ. ರೈಲಿಗೆ ಏರು ಆಗಿಬರುವುದಿಲ್ಲ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಜಾರುತ್ತದೆ. ಅದಕ್ಕೇ ಬೆಟ್ಟವನ್ನು ಸುತ್ತಿ, ಕೊರೆದು, ಹಳ್ಳಕ್ಕೆ ಮಣ್ಣು ತುಂಬಿ, ಏರಿದ್ದು ಗೊತ್ತೇ ಆಗದ ಹಾಗೆ ದಾರಿ ಮಾಡಿರುತ್ತಾರೆ.

ನ್ಯೂಜಿಲೆಂಡಿನ ರೆಮುಟಕಾ ದಾರಿಗೆ ಮಾತ್ರ ಈ ಮಾತು ಅರ್ಧ ಒಪ್ಪುತ್ತದೆ. ವೆಲಿಂಗ್ಟನ್ ಕಡೆಯಿಂದ ಶಿಖರದವರೆಗೆ ಏರು ನಿಧಾನ. ಆಚೆ ಕಡೆ ಕ್ರಾಸ್ ಕ್ರೀಕ್‌ಗೆ ಇಳಿಯುವ ಸುಮಾರು 5 ಕಿ.ಮೀ. ಇದೆಯಲ್ಲ, ಅಲ್ಲಿ ಇಳಿಜಾರು 15ಕ್ಕೆ 1. ಅಂದರೆ 15 ಮೀಟರ್ ಹೋದರೆ 1 ಮೀಟರ್ ಇಳಿತ. ಕಾಲಿಗೆ ಇದೇನೂ ದೊಡ್ಡದಲ್ಲ. ಆದರೆ ಸಾಮಾನ್ಯ ರೈಲಿಗೆ ಇದು ಆಗದ ಮಾತು!

ಹಾಗಾಗಿ 1878ರಲ್ಲಿ ಲೈನ್ ಶುರುವಾದಾಗ ಎರಡು ಹಳಿಗಳ ನಡುವೆ, ಸ್ವಲ್ಪ ಎತ್ತರದಲ್ಲಿ ಮೂರನೇದೊಂದು ಹಳಿ ಹಾಕಿದರು. ಇಂಜಿನ್ನಿನ ಹೊಟ್ಟೆಯಡಿ ಅಡ್ಡ ಮಲಗಿಸಿದ ಚಕ್ರಗಳು ಅದನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿದು ತಿರುಗುತ್ತಿದ್ದವು. ಇದಕ್ಕೆ ಫೆಲ್ ಪದ್ಧತಿ ಅಂತ ಹೆಸರು. ಭಾರದ ರೈಲಾದರೆ 5 ಇಂಜಿನ್ ಬೇಕಾಗುತ್ತಿತ್ತು, ಅವನ್ನೂ ಮುಂದೆ ಒಟ್ಟಿಗೆ ಕಟ್ಟದೆ ಡಬ್ಬಿಗಳ ನಡುನಡುವೆ ಹಂಚುತ್ತಿದ್ದರು. ಇಳಿಯುವಾಗಂತೂ ಬ್ರೇಕ್ ವ್ಯಾನ್‌ಗಳು, ಅಂದರೆ ಬ್ರೇಕ್ ಹಾಕೋದಕ್ಕೇ ಇರುವ ಡಬ್ಬಿಗಳು, ಅದೇ ಮೂರನೇ ಹಳಿಯನ್ನು ಕಚ್ಚಿ ಹಿಡಿದು ಆಮೆ ಹಾಗೆ ಇಳಿಯಬೇಕು. ಈ ಖರ್ಚು, ಈ ಪಾಡು ಸಾಕಾಗಿ, 1955ರಲ್ಲಿ ಬೆಟ್ಟದ ಕೆಳಗೇ 8.8 ಕಿ.ಮೀ. ಸುರಂಗ ತೆರೆದು ಹಳೇ ಲೈನ್ ಮುಚ್ಚಿದರು. 1987ರಿಂದ ಅದು ನಡಿಗೆ ಮತ್ತು ಸೈಕಲ್ ದಾರಿ.

ದಾರಿಯಲ್ಲಿ ಸೈಬೀರಿಯಾ ಅಂತ ಒಂದು ತಿರುವು ಸಿಗುತ್ತದೆ. ಹೆಸರು ಸುಮ್ನೆ ಬಂದದ್ದಲ್ಲ. 1880ರ ಸೆಪ್ಟೆಂಬರ್ 11ರಂದು ಗಾಳಿ ಅಲ್ಲಿ ರೈಲಿನ ಡಬ್ಬಿಗಳನ್ನು ಹಳಿಯಿಂದ ಎತ್ತಿ ಒಗೆಯಿತು. ಮಕ್ಕಳು ಸತ್ತರು. ನಡುವಿನ ಹಳಿ ಹಿಡಿದಿದ್ದ ಇಂಜಿನ್ ಮಾತ್ರ ಅಲ್ಲಾಡಲಿಲ್ಲ. ಆಮೇಲೆ ಗಾಳಿ ತಡೆಯಲು ಮರದ ಬೇಲಿ ಕಟ್ಟಿದರು.

ರೈಲು ನಿಂತ ಮೇಲೆ ಅದೇ ಜಾಗದ ಮಣ್ಣಿನ ಏರಿಯನ್ನು ಮಳೆ ನೀರು ಕೊಚ್ಚಿಕೊಂಡು ಹೋಯಿತು. ನಮ್ಮ ಕೆಲಸದವರಿಗೆ ಇದರಲ್ಲಿ ಆಶ್ಚರ್ಯವೇ ಇಲ್ಲ. ಹಳಿ ಕಿತ್ತರೂ ಏರಿ, ಮೋರಿ, ಸುರಂಗ ಇದ್ದಲ್ಲೇ ಇರುತ್ತವೆ, ಆದರೆ ಮೋರಿಯಲ್ಲಿ ಕಸ ಕಟ್ಟಿದೆಯಾ ಅಂತ ದಿನಾ ನೋಡುವ ಗ್ಯಾಂಗ್‌ಮನ್ ಇರುವುದಿಲ್ಲ ಅಲ್ವಾ?

ಹೋಗುವವರು ಟಾರ್ಚ್ ಮರೆಯಬೇಡಿ, ಶಿಖರದ ಸುರಂಗವೇ ಅರ್ಧ ಕಿಲೋಮೀಟರ್ ದಾಟುತ್ತದೆ. ಸೈಬೀರಿಯಾದಲ್ಲಿ ಗಾಳಿ ಜಾಸ್ತಿ ಅನಿಸಿದರೆ ಸೈಕಲ್ ಇಳಿದು ತಳ್ಳಿಕೊಂಡು ಹೋಗಿ.