ಸಿಟಿಎಕ್ಸ್-2 ಎಲೈಸಾ: ಬಣ್ಣ ತಿಳಿಯಾಗಿ ಬಂದರೆ ಕಿಟ್ ಹಾಳಾಗಿದೆಯಾ?

ಓದುಗರ ಪ್ರಶ್ನೆ: ಮೂತ್ರದ ಸ್ಯಾಂಪಲ್‌ಗಳಲ್ಲಿ ಸಿಟಿಎಕ್ಸ್-2 (ಮೃದ್ವಸ್ಥಿ ಸವೆದಾಗ ಬರುವ ತುಣುಕು) ಎಷ್ಟಿದೆ ಅಂತ ಎಲೈಸಾದಲ್ಲಿ, ಅಂದರೆ ಆ್ಯಂಟಿಬಾಡಿ ಬಳಸಿ ಬಣ್ಣದಿಂದ ಅಂಶ ಅಳೆಯುವ ಪರೀಕ್ಷೆಯಲ್ಲಿ, ಅಳೆದೆವು. ಮೃದ್ವಸ್ಥಿ ಸವೆತ ಜಾಸ್ತಿ ಇರುವವರ ವೆಲ್‌ಗಳೇ (ಪ್ಲೇಟಿನ ಪುಟ್ಟ ಗುಳಿಗಳು) ತಿಳಿಯಾಗಿ ಬಂದಿವೆ. ಕಿಟ್ ಕೆಟ್ಟಿದೆಯಾ?

ಇಲ್ಲ, ಕಿಟ್ ಚೆನ್ನಾಗಿಯೇ ಇದೆ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

'ಬಣ್ಣ ಗಾಢವಾದಷ್ಟೂ ಅಂಶ ಜಾಸ್ತಿ' ಅನ್ನುವುದು ಸ್ಯಾಂಡ್‌ವಿಚ್ ಎಲೈಸಾದ ಮಾತು. ಅಲ್ಲಿ ಎರಡು ಆ್ಯಂಟಿಬಾಡಿಗಳು (ತಮ್ಮ ಗುರಿಯನ್ನಷ್ಟೇ ಗುರುತಿಸಿ ಹಿಡಿಯುವ ಪ್ರೋಟೀನ್‌ಗಳು) ಒಂದೇ ಪ್ರೋಟೀನನ್ನು ಎರಡು ಕಡೆ ಹಿಡಿಯಬೇಕು. ದೊಡ್ಡ ಪ್ರೋಟೀನಿಗೆ ಅದು ಸರಿ. ಆದರೆ ಸಿಟಿಎಕ್ಸ್-2 ಅಂದರೆ ಮೃದ್ವಸ್ಥಿಯ ಮುಖ್ಯ ಪ್ರೋಟೀನಾದ 2ನೇ ಬಗೆಯ ಕೊಲ್ಯಾಜೆನ್ ಒಡೆದಾಗ ಅದರ ತುದಿಯಿಂದ ಬರುವ ಚಿಕ್ಕ ತುಣುಕು. ಆ್ಯಂಟಿಬಾಡಿ ಗುರುತಿಸುವ ಭಾಗ ಬರೀ 6 ಅಮೈನೋ ಆಮ್ಲಗಳದ್ದು. ಇಷ್ಟು ಚಿಕ್ಕ ಜಾಗದಲ್ಲಿ ಎರಡು ಆ್ಯಂಟಿಬಾಡಿ ಕೂರುವುದಿಲ್ಲ.

ಅದಕ್ಕೇ ಮೂತ್ರದ ಕಿಟ್‌ನಲ್ಲಿ ಪೈಪೋಟಿ ವಿಧಾನ ಇರುತ್ತದೆ. ವೆಲ್‌ನ ತಳಕ್ಕೆ ಅದೇ ತುಣುಕನ್ನು ಮೊದಲೇ ಅಂಟಿಸಿರುತ್ತಾರೆ. ಮೇಲೆ ಸ್ಯಾಂಪಲ್, ಜೊತೆಗೆ ಅಳತೆಯಷ್ಟೇ ಆ್ಯಂಟಿಬಾಡಿ. ಸ್ಯಾಂಪಲ್‌ನಲ್ಲಿ ಸಿಟಿಎಕ್ಸ್-2 ಜಾಸ್ತಿ ಇದ್ದರೆ ಆ್ಯಂಟಿಬಾಡಿ ಅದಕ್ಕೇ ಅಂಟಿಕೊಂಡು, ತೊಳೆಯುವಾಗ ಹರಿದುಹೋಗುತ್ತದೆ. ತಳದಲ್ಲಿ ಉಳಿದಷ್ಟಕ್ಕೆ ಮಾತ್ರ ಬಣ್ಣ. ಅಂದರೆ ಅಂಶ ಜಾಸ್ತಿಯಾದಷ್ಟೂ ಬಣ್ಣ ಕಡಿಮೆ.

ನಂಬಿಕೆ ಬರದಿದ್ದರೆ ನಿಮ್ಮದೇ ಪ್ಲೇಟನ್ನು ಬೆಳಕಿಗೆ ಹಿಡಿದು ಸ್ಟ್ಯಾಂಡರ್ಡ್ ಸಾಲು (ಅಂಶ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣಗಳ ಸಾಲು) ನೋಡಿ. ಆ್ಯಸಿಡ್ ಹಾಕಿದ ಮೇಲೆ ನೀಲಿ ಹಳದಿಯಾಗುತ್ತದಲ್ಲ, ಆಗ ಸೊನ್ನೆ ಸ್ಟ್ಯಾಂಡರ್ಡೇ ಎಲ್ಲಕ್ಕಿಂತ ಗಾಢ. ಅಂಶ ಎಲ್ಲಕ್ಕಿಂತ ಜಾಸ್ತಿ ಇರುವ ಕೊನೆಯದು ನೀರಿನ ಹಾಗೆ ತಿಳಿ. 450 ನ್ಯಾನೋಮೀಟರ್‌ನಲ್ಲಿ ಓದಿದರೂ ಗ್ರಾಫ್ ಇಳಿಮುಖವೇ.

ಈ ತಪ್ಪು ನಂಬಿಕೆ ಸುಮ್ನೆ ಗೊಂದಲ ಮಾಡುವುದಷ್ಟೇ ಅಲ್ಲ, ನಿಜವಾದ ತಪ್ಪನ್ನು ಮುಚ್ಚಿಬಿಡುತ್ತದೆ. ಒಂದು ವೆಲ್‌ಗೆ ಆ್ಯಂಟಿಬಾಡಿ ಹಾಕಲು ಮರೆತಿರಿ ಅಂದುಕೊಳ್ಳಿ. ಬಣ್ಣ ಬರುವುದಿಲ್ಲ. ಸ್ಯಾಂಡ್‌ವಿಚ್‌ನಲ್ಲಾದರೆ ಅದು 'ಏನೂ ಇಲ್ಲ' ಅಂತ ಕಾಣುತ್ತಿತ್ತು. ಇಲ್ಲಿ ಅದೇ ವೆಲ್ 'ವಿಪರೀತ ಜಾಸ್ತಿ' ಅಂತ ಹೇಳುತ್ತದೆ. ತೀರಾ ತಿಳಿಯಾದ ವೆಲ್ ಕಂಡರೆ ಅದೇ ಸ್ಯಾಂಪಲ್ ಹಾಕಿದ ಜೋಡಿ ವೆಲ್ ಜೊತೆ ಹೋಲಿಸಿ, ಸ್ಯಾಂಪಲ್ ತೆಳುಮಾಡಿ ಮತ್ತೊಮ್ಮೆ ಓಡಿಸಿ. ನನ್ನ ಹತ್ತಿರ ಕಲಿತವರಿಗೆ ಈ ಅಭ್ಯಾಸ ಕೈಗೆ ಬಂದುಬಿಟ್ಟಿದೆ, ಅದು ನನಗೆ ಹೆಮ್ಮೆ.

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) ಅಳೆದಿರಾ? ನೀರು ಜಾಸ್ತಿ ಕುಡಿದವರ ಮೂತ್ರ ತೆಳು, ಸಿಟಿಎಕ್ಸ್-2 ಕೂಡ ಕಡಿಮೆ ಕಾಣುತ್ತದೆ. ಹಾಗಾಗಿ ಅದನ್ನು ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ಲೀಟರಿಗೆ 3000 ನ್ಯಾನೋಗ್ರಾಂ ಸಿಟಿಎಕ್ಸ್-2, ಕ್ರಿಯಾಟಿನಿನ್ 10 ಮಿಲಿಮೋಲ್ ಇದ್ದರೆ ಉತ್ತರ ಮಿಲಿಮೋಲಿಗೆ 300 ನ್ಯಾನೋಗ್ರಾಂ. ನಿಮ್ಮ ಲ್ಯಾಬ್ ಕ್ರಿಯಾಟಿನಿನ್ನನ್ನು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಮೊದಲು 11.3ರಿಂದ ಭಾಗಿಸಿ.

ಹೊತ್ತೂ ಮುಖ್ಯ. ಬೆಳಗ್ಗೆ ಮಟ್ಟ ಜಾಸ್ತಿ ಇದ್ದು ಆಮೇಲೆ ಇಳಿಯುತ್ತದೆ. ಒಬ್ಬರದು ಬೆಳಗಿನದು, ಇನ್ನೊಬ್ಬರದು ಸಂಜೆಯದು ಆದರೆ ಹೋಲಿಕೆ ಕೆಡುತ್ತದೆ. ಎಲ್ಲರದ್ದೂ ಬೆಳಗಿನ ಎರಡನೇ ಮೂತ್ರ ತೆಗೆದುಕೊಳ್ಳಿ. ಮಕ್ಕಳ ಸ್ಯಾಂಪಲ್‌ಗಳನ್ನು ದೊಡ್ಡವರ ಜೊತೆ ಸೇರಿಸಬೇಡಿ. ಬೆಳೆಯುವ ಮೂಳೆಗಳ ತುದಿಯ ಮೃದ್ವಸ್ಥಿಯಿಂದಲೂ ಈ ತುಣುಕು ಬರುವುದರಿಂದ ಅವರಲ್ಲಿ ಅಂಕಿ ಸಹಜವಾಗಿಯೇ ಮೇಲಿರುತ್ತದೆ.